ಗುಣವಾಗದ ಕಾಯಿಲೆಗೂ ಆರೈಕೆ ಉಂಟು

‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತು ಕೇಳಿ ಬಂದ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ರೋಗಿ ನೋವು ನುಂಗಿಕೊಂಡು ಮಲಗುತ್ತಾರೆ, ಇಲ್ಲವೇ ಮನೆಯವರು ಸಾಲ ಮಾಡಿ ಮತ್ತೊಂದು ಆಸ್ಪತ್ರೆ ಹುಡುಕುತ್ತಾರೆ. ಕ್ಯಾನ್ಸರ್ ಗುಣವಾಗದಿದ್ದರೂ ಅದು ತಂದಿಡುವ ನೋವು, ವಾಂತಿ, ಏದುಸಿರು, ಹುಣ್ಣುಗಳಿಗೆ ಔಷಧವಿದೆ, ಕ್ರಮವಿದೆ. ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಮಾಡುವುದು ಈ ಕೆಲಸವನ್ನೇ. ಅದರತ್ತ ಹೋಗದಂತೆ ತಡೆಯುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಹಾಸ್ಪೈಸ್‌ಗೆ, ಅಂದರೆ ಉಪಶಮನ ಆರೈಕೆಯ ಕೇಂದ್ರಕ್ಕೆ, ಸೇರಿಸುವುದೆಂದರೆ ಸಾಯಲು ಬಿಟ್ಟಂತೆ.

ಸತ್ಯ: ನೋವು ಹತೋಟಿಗೆ ಬಂದು, ಗಾಯ ನೋಡಿಕೊಳ್ಳುವುದನ್ನು ಮನೆಯವರು ಕಲಿತ ಮೇಲೆ ಊರಿಗೆ ಮರಳುವವರೂ ಇದ್ದಾರೆ. ಬೆಂಗಳೂರಿನ ಕರುಣಾಶ್ರಯ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅದರ ತಂಡ ಮನೆಗಳಿಗೂ ಹೋಗುತ್ತದೆ. ಈ ಆರೈಕೆಗೆ ಕೊನೆಯ ವಾರದವರೆಗೆ ಕಾಯಬೇಕಿಲ್ಲ, ಕೀಮೋ ನಡೆಯುತ್ತಿರುವಾಗಲೇ ಶುರು ಮಾಡಬಹುದು. ಅಮೆರಿಕದ ಬೋಸ್ಟನ್‌ನಲ್ಲಿ ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಉಪಶಮನ ಆರೈಕೆಯನ್ನೂ ಪಡೆದವರ ಬದುಕಿನ ಅವಧಿಯ ಮಧ್ಯಾಂಕ 11.6 ತಿಂಗಳು, ಕ್ಯಾನ್ಸರ್ ಚಿಕಿತ್ಸೆ ಮಾತ್ರ ಪಡೆದವರದು 8.9 ತಿಂಗಳು.

ತಪ್ಪು ಕಲ್ಪನೆ: ಮಾರ್ಫಿನ್ ಶುರುವಾಯಿತೆಂದರೆ ಚಟ ಹತ್ತುತ್ತದೆ, ಸಾವು ಬೇಗ ಬರುತ್ತದೆ.

ಸತ್ಯ: ಮತ್ತಿಗಾಗಿ ತೆಗೆದುಕೊಳ್ಳುವುದು ಬೇರೆ, ಕ್ಯಾನ್ಸರ್ ನೋವಿಗೆ ವೈದ್ಯರ ಲೆಕ್ಕದಲ್ಲಿ ನುಂಗುವುದು ಬೇರೆ. ಹೀಗೆ ನುಂಗುವವರಿಗೆ ಚಟ ಹತ್ತುವುದು ಅಪರೂಪ. ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ನೋವು ನೋಡಿಕೊಂಡು ಏರಿಸಿದರೆ ಅದು ಸಾವನ್ನು ಹತ್ತಿರ ತರುವುದಿಲ್ಲ.

ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ಮಲಗುವ ಹೊತ್ತಿಗೆ ಎರಡು ಡೋಸ್ ಒಟ್ಟಿಗೆ ಬರೆಯುವುದುಂಟು. ನಡುವೆ ನೋವು ಎದ್ದರೆ ನುಂಗಲು ಬೇರೆ ಡೋಸ್ ಇರುತ್ತದೆ. ಮೊದಲ ಕೆಲವು ದಿನದ ಮಂಪರು, ವಾಕರಿಕೆ ತಾನಾಗಿ ಇಳಿಯುತ್ತವೆ; ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧವನ್ನೂ ಜೊತೆಗೆ ಕೊಡಬೇಕು. ಮೂತ್ರಪಿಂಡ ದುರ್ಬಲವಿದ್ದವರಿಗೆ ಪ್ರಮಾಣ ಬೇರೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು.

ಭಯ ಬೇರೂರಲು ಕಾನೂನೂ ಕಾರಣ. 1985ರ ಮಾದಕವಸ್ತು ಕಾಯ್ದೆಯ ಬಿಗಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು.

ತಪ್ಪು ಕಲ್ಪನೆ: ವಾಸನೆ ಬರುವ ಹುಣ್ಣು ಅಂಟುತ್ತದೆ, ತಟ್ಟೆ, ಲೋಟ, ಕೋಣೆ ಬೇರೆ ಇಡಬೇಕು.

ಸತ್ಯ: ಜೊತೆಗಿದ್ದು ಉಂಡರೆ, ಮುಟ್ಟಿದರೆ ಕ್ಯಾನ್ಸರ್ ಅಂಟುವುದಿಲ್ಲ. ಬಾಯಿ, ಸ್ತನದ ಗೆಡ್ಡೆ ಒಡೆದಾಗ ಸತ್ತ ಮಾಂಸದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ವಾಸನೆ ಬರುತ್ತದೆ. ನರ್ಸ್‌ಗಳು ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲೇ ನೋವಿನ ಮಾತ್ರೆ ಕೊಟ್ಟಿರುತ್ತಾರೆ. ಒಣಗಿ ಅಂಟಿದ ಗಾಜ್ ಬಟ್ಟೆಯನ್ನು ಕೀಳುವುದಿಲ್ಲ. ಕುದಿಸಿ ಆರಿಸಿದ ಉಪ್ಪುನೀರು ಹನಿಸಿ, ನೆನೆದ ಮೇಲೆ ಮೆಲ್ಲಗೆ ಬಿಡಿಸುತ್ತಾರೆ. ಹುಣ್ಣು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯ ನಯವಾದ ಪುಡಿ ಉದುರಿಸಿ, ಹೊಸ ಬಟ್ಟೆ ಹಾಕುತ್ತಾರೆ. ದಿನವೂ ಹೀಗೆ ಮಾಡಿದರೆ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ, ಮೊಮ್ಮಕ್ಕಳು ಮತ್ತೆ ಮಂಚದ ಮೇಲೆ ಬಂದು ಕೂರುತ್ತಾರೆ.

ತಪ್ಪು ಕಲ್ಪನೆ: ಊಟ ಬಿಟ್ಟವರಿಗೆ ಗ್ಲೂಕೋಸ್ ಬಾಟಲಿಯಾದರೂ ಹಾಕಿಸಬೇಕು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತಾರೆ.

ಸತ್ಯ: ಕೊನೆಯ ದಿನಗಳಲ್ಲಿ ದೇಹ ತಾನಾಗಿಯೇ ಆಹಾರ ಬೇಡವೆನ್ನುತ್ತದೆ, ಹೆಚ್ಚಿನವರಿಗೆ ಹಸಿವು ಕಾಡುವುದಿಲ್ಲ. ಆಗ ಏರಿಸಿದ ನೀರು ಕಾಲು ಊದಿಸಿ, ಎದೆಯ ಗೊರಗೊರ ಹೆಚ್ಚಿಸಬಹುದು. ಬಲವಂತವಾಗಿ ಗಂಜಿ ಹಾಕಿದರೆ ನೆತ್ತಿಗೇರುವ ಅಪಾಯವಿದೆ. ಕಾಡುವುದು ಒಣಗಿದ ಬಾಯಿ. ಗಂಟೆಗೊಮ್ಮೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ತುಟಿಗೆ ಸ್ವಲ್ಪ ವ್ಯಾಸಲೀನ್ ಸವರಬೇಕು.

ತಪ್ಪು ಕಲ್ಪನೆ: ಏದುಸಿರು ಬಂದರೆ ಆಕ್ಸಿಜನ್ ಒಂದೇ ಪರಿಹಾರ.

ಸತ್ಯ: ರಕ್ತದಲ್ಲಿ ಆಮ್ಲಜನಕ ಕಡಿಮೆಯಿಲ್ಲದಿದ್ದರೆ ಅದರಿಂದ ವಿಶೇಷ ಲಾಭವಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮುಖಕ್ಕೆ ಫ್ಯಾನ್ ಗಾಳಿ ತಾಗಿಸಿದರೆ ಹಾಯೆನಿಸುತ್ತದೆ. ಸಣ್ಣ ಪ್ರಮಾಣದ ಮಾರ್ಫಿನ್ ಇದಕ್ಕೂ ಆಗಿಬರುತ್ತದೆ.

ತಪ್ಪು ಕಲ್ಪನೆ: ವಿಷಯ ತಿಳಿದರೆ ಅಪ್ಪ ಕುಸಿದುಹೋಗುತ್ತಾರೆ, ಹೇಳಬಾರದು.

ಸತ್ಯ: ಅಪ್ಪನಿಗೆ ಬಹುಪಾಲು ಗೊತ್ತಾಗಿರುತ್ತದೆ, ಮಕ್ಕಳು ನೊಂದುಕೊಳ್ಳಬಾರದೆಂದು ಅವರೂ ಸುಮ್ಮನಿರುತ್ತಾರೆ. ‘ನಿಮ್ಮ ಕಾಯಿಲೆ ಬಗ್ಗೆ ಏನು ಅಂದ್ಕೊಂಡಿದ್ದೀರಿ? ಇನ್ನೂ ತಿಳ್ಕೋಬೇಕು ಅನ್ಸುತ್ತಾ?’ ಎಂದು ಕೇಳಿ, ಅವರು ಬಯಸಿದಷ್ಟನ್ನೇ ಹೇಳುವುದು ಉಪಶಮನ ಆರೈಕೆಯ ವೈದ್ಯರ ರೀತಿ. ಮುಚ್ಚಿಟ್ಟರೆ ಜಮೀನಿನ ಕಾಗದ, ಮಗಳ ಮದುವೆ, ದೂರದ ಮಗನ ಭೇಟಿ ಎಲ್ಲವೂ ಅವರ ಮಾತಿಲ್ಲದೆ ತೀರ್ಮಾನವಾಗುತ್ತವೆ.

ಡಿಸ್ಚಾರ್ಜ್ ದಿನ ವೈದ್ಯರನ್ನು ಮೂರು ವಿಷಯ ಕೇಳಿಕೊಳ್ಳಿ: ನೋವಿನ ಮಾತ್ರೆ ಮುಗಿಯುತ್ತಾ ಬಂದರೆ ಮತ್ತೆ ಎಲ್ಲಿ ಸಿಗುತ್ತದೆ, ನೋವು ಹೆಚ್ಚಾದರೆ ಎಷ್ಟು ಕೊಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.