24 ಬೈಟಿನ ಊರು, 80 ಬೈಟಿನ ಹೊರೆ

ಹಾನಗಲ್ ತಾಲ್ಲೂಕಿನ ತಿಳವಳ್ಳಿಯ ಹೆಸರಿಗೆ ಬೇಕಾದದ್ದು ನಾಲ್ಕೇ ಅಕ್ಷರ. ಯೂನಿಕೋಡ್ ಮಾತ್ರ ಅದನ್ನು ಎಂಟು ಸಂಕೇತವಾಗಿ ಒಡೆಯುತ್ತದೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 24. ಕೊನೆಯ ‘ಳ್ಳಿ’ಗೇ (ಳ, ಹಲಂತ, ಮತ್ತೊಂದು ಳ, ಗುಡಿಸು) 12 ಬೈಟ್ ಬೇಕು. ಅಲ್ಲಿಗೆ ಅರ್ಧ ಊರು ಮುಗಿಯಿತು!

ಕೇಬಲ್ ಹಾಕಿದ ಕಂಪ್ಯೂಟರಿನಿಂದ ಈ ಹೆಸರನ್ನು ಬೆಂಗಳೂರಿಗೆ ಕಳಿಸಿ ನೋಡಿ. ಗುಟ್ಟು ಕಾಯುವ ಟಿಎಲ್‌ಎಸ್ 1.3 ಮೊದಲು 22 ಬೈಟ್ ಹಚ್ಚುತ್ತದೆ. ತಲುಪಿತೋ ಇಲ್ಲವೋ ವಿಚಾರಿಸುವ ಟಿಸಿಪಿಯದು 20, ವಿಳಾಸ ಬರೆಯುವ ಐಪಿಯದು 20, ಪಕ್ಕದ ಪೆಟ್ಟಿಗೆಗೆ ದಾಟಿಸುವ ಈಥರ್ನೆಟ್ಟಿನದು 18. ಕನಿಷ್ಠ ಲೆಕ್ಕ ಹಿಡಿದರೂ 80. ಇಪ್ಪತ್ನಾಲ್ಕು ಕಿಲೋ ಮೆಣಸಿನಕಾಯಿಯನ್ನು ಎಂಬತ್ತು ಕಿಲೋ ತೂಕದ ಚೀಲದಲ್ಲಿ ತಂದರೆ ಬ್ಯಾಡಗಿ ಪೇಟೆಯಲ್ಲಿ ನಕ್ಕಾರು.

ಸರಕು ಹೆಚ್ಚಿದರೂ ಚೀಲದ ತೂಕ ಹೆಚ್ಚುವುದಿಲ್ಲ ಎಂಬುದೇ ಇದರ ಜಾಣತನ. 1500 ಬೈಟಿನ ಒಂದೇ ಪ್ಯಾಕೆಟ್ಟಿನಲ್ಲಿ 59 ಸಲ ‘ತಿಳವಳ್ಳಿ’ ತುಂಬಬಹುದು, ಹೊರೆ ಅದೇ 80. ಆಗ ನಷ್ಟ ನೂರಕ್ಕೆ ಐದರ ಆಸುಪಾಸು. ಒಂದು ಗಿಗಾಬಿಟ್ ತಂತಿಯಲ್ಲಾದರೆ ಒಂಟಿ ಹೆಸರಿನ ಪ್ಯಾಕೆಟ್ಟೂ, ನಡುವಿನ ಬಿಡುವು ಸೇರಿಸಿ, ಸೆಕೆಂಡಿಗೆ 10 ಲಕ್ಷ ಸಲ ಹೊರಡಬಲ್ಲದು.

ಹೀಗೆ ಒಂದರ ಮೇಲೊಂದು ಹೊರೆ ಹಚ್ಚುವ ಹಂತಗಳಿಗೆ ಪದರ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಪದರಗಳು ಏಳು. ಐಎಸ್‌ಒ 1984ರಲ್ಲಿ ಹೊರತಂದ ಒಎಸ್‌ಐ ಮಾದರಿ ಅದು. ಇಂಟರ್ನೆಟ್ಟಿನವರು 1989ರ ಆರ್‌ಎಫ್‌ಸಿ 1122ರಲ್ಲಿ ಎಣಿಸಿದ್ದು ನಾಲ್ಕು. ಮೇಲಿನ ಲೆಕ್ಕದಲ್ಲಿ ಐದನೆಯ, ಆರನೆಯ ಪದರದ ಬೈಟುಗಳು ಇವೇ ಎಂದು ಬೆರಳಿಟ್ಟು ತೋರಿಸಲಾಗದು. ಟಿಎಲ್‌ಎಸ್ ಯಾವ ಮೆಟ್ಟಿಲಿನದು ಎಂಬ ಜಗಳ ಇನ್ನೂ ಹರಿದಿಲ್ಲ. ನನ್ನ ಮಟ್ಟಿಗೆ ಏಳು ಪರೀಕ್ಷೆಗೆ, ನಾಲ್ಕು ತಂತಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದ್ದ, 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಮೊದಮೊದಲು ಎರಡೂ ಬಣದ ಪ್ರೋಟೋಕಾಲ್‌ಗಳು ಓಡಾಡಿದವು. 1995ರ ಹೊತ್ತಿಗೆ ಹೆಚ್ಚೂಕಡಿಮೆ ಟಿಸಿಪಿ/ಐಪಿಯೊಂದೇ ಉಳಿಯಿತು.

ಪದರ ಮಾಡಿಕೊಂಡದ್ದರ ಲಾಭ ವಿಳಾಸಕ್ಕೆ ಬರ ಬಂದಾಗ ಕಂಡಿತು. ಐಪಿವಿ4ರಲ್ಲಿ ವಿಳಾಸ ಸುಮಾರು 429 ಕೋಟಿ, ಭೂಮಿಯ ಜನರಿಗೆ ತಲೆಗೊಂದೂ ಸಾಲದು. ಐಪಿವಿ6ರಲ್ಲಿ 34ರ ಮುಂದೆ 37 ಸೊನ್ನೆ. ಐಪಿಯ ಹೊರೆ 20ರಿಂದ 40 ಬೈಟಿಗೆ ಏರಿತು. ಮೇಲಿನ ಟಿಸಿಪಿ 20ರಲ್ಲೇ ಉಳಿಯಿತು, ಕೆಳಗಿನ ಈಥರ್ನೆಟ್ 18ರಲ್ಲೇ. ಹಾಗಂತ ಮಡಿ ಪೂರ್ತಿ ಉಳಿದಿಲ್ಲ: ತಪ್ಪು ಹಿಡಿಯುವ ಚೆಕ್‌ಸಮ್ ಕೂಡುವಾಗ ಟಿಸಿಪಿ ಕೆಳಗಿನ ಐಪಿ ವಿಳಾಸಗಳನ್ನೂ ಇಣುಕಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.