ಲ್ಯಾಟೆಕ್ಸ್ ಹಾಸಿಗೆ: ತಪ್ಪು ಕಲ್ಪನೆಗಳು ಮತ್ತು ಸತ್ಯ

ಹತ್ತಿ ಹಿಂಜುವವನನ್ನು ಮನೆಯಂಗಳಕ್ಕೇ ಕರೆಸಿ, ಹತ್ತಿಯನ್ನು ಕಣ್ಣೆದುರಿನಲ್ಲಿಯೇ ತೂಗಿಸಿ, ಹಿಂಜಿಸಿ, ಗವುಸಿಗೆ ತುಂಬಿಸಿ, ದಬ್ಬಣದ ಕೊನೆಯ ಹೊಲಿಗೆ ಬೀಳುವವರೆಗೂ ಮನೆಯ ಹಿರಿಯರು ಬಳಿಯಲ್ಲಿ ಕುಳಿತು ನೋಡುತ್ತಿದ್ದ ಕಾಲದಲ್ಲಿ, ಹಾಸಿಗೆಯ ಒಡಲಲ್ಲಿ ಏನಿದೆಯೆಂಬ ಸಂಶಯಕ್ಕೆ ಎಡೆಯೇ ಇರಲಿಲ್ಲ. ಇಂದು ಅಂಗಡಿಯಲ್ಲಿ ಲ್ಯಾಟೆಕ್ಸ್ ಹಾಸಿಗೆಯನ್ನು ಕೊಳ್ಳುವವರ ಸ್ಥಿತಿ ಇದಕ್ಕೆ ವಿಪರೀತವಾದುದು: ಗವುಸು ಮುಚ್ಚಿಯೇ ಬರುವುದರಿಂದ ಒಳಗಿನ ದ್ರವ್ಯವು ಕಣ್ಣಿಗೆ ಬೀಳದು; ಕಣ್ಣಿಗೆ ಬೀಳದುದನ್ನು ಮಾರುವವನ ಮಾತಿನಿಂದಲೂ ನೆರೆಮನೆಯವರ ಅನುಭವದಿಂದಲೂ ಊಹಿಸಿಕೊಳ್ಳಬೇಕಾಗುವುದರಿಂದ, ಅರ್ಧ ನಿಜವೂ ಅರ್ಧ ಕಲ್ಪಿತವೂ ಆದ ನಂಬಿಕೆಗಳು ಈ ವ್ಯಾಪಾರದ ಸುತ್ತ ಹೇರಳವಾಗಿ ಬೆಳೆದುಕೊಂಡಿವೆ. ಹಾಸಿಗೆಯ ಹಿತವನ್ನು ನಿರ್ಣಯಿಸತಕ್ಕದ್ದು ಅದರ ದ್ರವ್ಯದ ಹೆಸರಲ್ಲ, ಅದರ ಪದರಗಳಿಗೂ ಮಲಗುವವರ ದೇಹಕ್ಕೂ ಇರುವ ಹೊಂದಾಣಿಕೆ ಎಂಬ ತತ್ತ್ವವನ್ನು ಮುಂದಿಟ್ಟುಕೊಂಡು, ಆ ನಂಬಿಕೆಗಳಲ್ಲಿ ಮುಖ್ಯವಾದವನ್ನು ಇಲ್ಲಿ ಪರಿಶೀಲಿಸಬಹುದು.

ತಪ್ಪು ಕಲ್ಪನೆ 1: ರಬ್ಬರ್ ಸೇರಿದ ಹಾಸಿಗೆಗಳೆಲ್ಲವೂ ಲ್ಯಾಟೆಕ್ಸ್ ಹಾಸಿಗೆಗಳೇ

ಸತ್ಯವಿದು: ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಅಮೆಜಾನ್ ಕಣಿವೆಯಲ್ಲಿ ಹುಟ್ಟಿದ ಈ ಮರದ ಬೀಜಗಳನ್ನು 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ ಮೇಲೆ, ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಹೋಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇರಳದಲ್ಲಿ ತೋಟಗಳಾಗಿ ಬೇರೂರಿದವು. ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಗುಡ್ಡಗಳಲ್ಲಿಯೂ ಇಂದು ಅವುಗಳ ಸಾಲುಗಳಿವೆ. ಮರದೊಳಗಿನ ಒತ್ತಡವು ಅಧಿಕವಾಗಿರುವ ಮುಂಜಾವಿನಲ್ಲಿಯೇ ತೊಗಟೆಯನ್ನು ಓರೆಯಾಗಿ ಕೆತ್ತಿ, ಗೆರಟೆಯಲ್ಲಿಯೋ ಬಟ್ಟಲಿನಲ್ಲಿಯೋ ಹಿಡಿದ ಹಾಲಿನಲ್ಲಿ ರಬ್ಬರಿನ ಅಂಶ ಶೇಕಡಾ 30ರಿಂದ 40ರಷ್ಟು ಮಾತ್ರ. ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ನೀರನ್ನು ಬೇರ್ಪಡಿಸಿ, ಆ ಅಂಶವನ್ನು ಶೇಕಡಾ 60ರಷ್ಟಕ್ಕೆ ಏರಿಸಿದ ಅನಂತರ, ಆ ಗಟ್ಟಿ ಹಾಲನ್ನು ಗಂಧಕಾದಿಗಳೊಡನೆ ಕಡೆದು ನೊರೆಯೆಬ್ಬಿಸಿ, ಅಚ್ಚಿಗೆ ಹೊಯ್ದು, ಹಬೆಯಲ್ಲಿ ಬೇಯಿಸಿ, ತೊಳೆದು ಒಣಗಿಸಿದಾಗ ದೊರೆಯುವ ಸ್ಪಂಜೇ ಲ್ಯಾಟೆಕ್ಸ್ ಹಾಸಿಗೆಯ ಒಡಲು.

ತೆಂಗಿನ ನಾರಿಗೆ ರಬ್ಬರ್ ಹಾಲನ್ನು ಸಿಂಪಡಿಸಿ ಒತ್ತಿ ಮಾಡಿದ ರಬ್ಬರೀಕೃತ ನಾರಿನ ಹಾಸಿಗೆ ಬೇರೆಯ ಪದಾರ್ಥ. ಅದು ತನ್ನ ಮಟ್ಟಿಗೆ ಒಳ್ಳೆಯದಿರಬಹುದಾದರೂ ಅದರ ಗುಣಧರ್ಮವು ನಾರಿನದು. ಪೆಟ್ರೋಲಿಯಂ ಮೂಲದ ಪಾಲಿಯುರೆಥೇನ್ ಫೋಮಿನ ಮೇಲೆ ಒಂದು ಅಂಗುಲದ ಲ್ಯಾಟೆಕ್ಸನ್ನು ಅಂಟಿಸಿ ಇಡೀ ಹಾಸಿಗೆಗೆ ಆ ಹೆಸರನ್ನಿಡುವುದೂ ಉಂಟು. ಇದಲ್ಲದೆ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದ ಕೃತಕ ಲ್ಯಾಟೆಕ್ಸೂ, ಎರಡನ್ನೂ ಬೆರೆಸಿದ ಮಿಶ್ರಣವೂ ಬಳಕೆಯಲ್ಲಿವೆ. ಆದುದರಿಂದ ‘ಇದು ಲ್ಯಾಟೆಕ್ಸೆ?’ ಎಂಬ ಪ್ರಶ್ನೆಯಿಂದ ತಿಳಿಯುವುದು ಅಲ್ಪ. ಎಷ್ಟು ಅಂಗುಲ ಲ್ಯಾಟೆಕ್ಸ್, ಅದರಲ್ಲಿ ಸಹಜವೆಷ್ಟು, ಕೃತಕವೆಷ್ಟು ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳುವುದೇ ಕ್ರಮ.

ತಪ್ಪು ಕಲ್ಪನೆ 2: ತೂಕ ಹೆಚ್ಚಿದಷ್ಟೂ ಶುದ್ಧ, ಬಣ್ಣ ಬಿಳುಪಾದಷ್ಟೂ ಶುದ್ಧ

ಲ್ಯಾಟೆಕ್ಸ್ ಹಾಸಿಗೆ ಭಾರವಾದುದೆಂಬುದು ನಿಜ. ಘನ ಮೀಟರಿಗೆ 75 ಕಿಲೋಗ್ರಾಂ ಸಾಂದ್ರತೆಯ, 72 ಅಂಗುಲ ಅಗಲ, 78 ಅಂಗುಲ ಉದ್ದ, 6 ಅಂಗುಲ ದಪ್ಪದ ಹಾಸಿಗೆಯೊಂದು ಲೆಕ್ಕದ ಪ್ರಕಾರ ಸುಮಾರು 41 ಕಿಲೋ ತೂಗುವುದು. ಒಬ್ಬರೇ ಎತ್ತಿ ಮಗುಚುವುದು ಕಷ್ಟ. ಆದರೆ ಈ ಭಾರವನ್ನೇ ಶುದ್ಧತೆಯ ಸಾಕ್ಷಿಯೆಂದು ಗ್ರಹಿಸಿದ ಗ್ರಾಹಕನನ್ನು ವಂಚಿಸುವುದು ಸುಲಭ; ಏಕೆಂದರೆ ಹಾಲಿಗೆ ಸುಣ್ಣಕಲ್ಲಿನ ಪುಡಿಯನ್ನೋ ಜೇಡಿಯನ್ನೋ ಬೆರೆಸಿದರೆ ತೂಕ ಏರುವುದು, ಬೆಲೆ ಇಳಿಯುವುದು, ಪುಟಿಯುವ ಶಕ್ತಿಯು ಮಾತ್ರ ಕುಗ್ಗುವುದು. ಇಂತಹ ಬೆರಕೆಯ ಸ್ಪಂಜು ಕೆಲವು ವರ್ಷಗಳಲ್ಲಿ ಪುಡಿಯುದುರಿಸುತ್ತ ತನ್ನ ರಹಸ್ಯವನ್ನು ತಾನೇ ಬಯಲು ಮಾಡುತ್ತದೆ.

ಬಣ್ಣದ ಪರೀಕ್ಷೆಯೂ ಇಷ್ಟೇ ದುರ್ಬಲ. ಸಹಜ ಲ್ಯಾಟೆಕ್ಸು ಸಾಮಾನ್ಯವಾಗಿ ಕೆನೆಯ ವರ್ಣದ್ದಾಗಿದ್ದು ಗಾಳಿ ಬೆಳಕುಗಳ ಸ್ಪರ್ಶದಿಂದ ಕ್ರಮೇಣ ಹಳದಿಗೆ ತಿರುಗುವುದರಿಂದ, ಅಚ್ಚ ಬಿಳುಪನ್ನು ಕಂಡು ಮರುಳಾಗುವುದಾಗಲಿ ಹಳದಿಯನ್ನು ಕಂಡು ಹಳೆಯ ಸರಕೆಂದು ಹಿಂದೆಗೆಯುವುದಾಗಲಿ ವಿವೇಕವಲ್ಲ. ಸಾಂದ್ರತೆಯಂತೆಯೇ ಗಟ್ಟಿತನವೆಂದು ಭಾವಿಸುವುದೂ ಸರಿಯಲ್ಲ. ಒಂದೇ ಪಾಕದ ಲ್ಯಾಟೆಕ್ಸಿನಲ್ಲಿ ಸಾಂದ್ರತೆ ಏರಿದಂತೆ ಗಟ್ಟಿತನವೂ ಏರುವುದು ದಿಟವಾದರೂ, ಪಾಕವು ಬದಲಾದರೆ, ಸಹಜ ಕೃತಕಗಳ ಪ್ರಮಾಣವು ಬದಲಾದರೆ, ಅಚ್ಚಿನ ರಂಧ್ರಗಳ ಗಾತ್ರವು ಬದಲಾದರೆ, ಒಂದೇ ಸಾಂದ್ರತೆಯ ಎರಡು ಹಾಸಿಗೆಗಳು ಮಲಗಿದಾಗ ಬೇರೆಬೇರೆಯಾಗಿಯೇ ತೋರುವುವು. ಗಟ್ಟಿತನವನ್ನು ಅಳೆಯಲು ಪ್ರತ್ಯೇಕವಾದ ಮಾನವಿದೆ: ನಿಗದಿತ ಗಾತ್ರದ ಬಿಲ್ಲೆಯೊಂದರಿಂದ ಫೋಮನ್ನು ಅದರ ದಪ್ಪದ ಶೇಕಡಾ 25ರಷ್ಟು ತಗ್ಗಿಸಲು ಎಷ್ಟು ಬಲ ಬೇಕೆಂಬುದನ್ನು ಪೌಂಡುಗಳಲ್ಲಿ ಹೇಳುವ ಈ ಸಂಖ್ಯೆಯನ್ನು ಐಎಲ್‌ಡಿ ಎಂದು ಕರೆಯುತ್ತಾರೆ. ಸ್ಥೂಲವಾಗಿ, 20ರ ಆಸುಪಾಸಿನದು ಮೃದು, 30ರ ಆಸುಪಾಸಿನದು ಮಧ್ಯಮ, 40ರ ಕಡೆಗೆ ಸಾಗಿದುದು ಗಟ್ಟಿ.

ತಪ್ಪು ಕಲ್ಪನೆ 3: ಹಾಸಿಗೆ ಗಟ್ಟಿಯಾದಷ್ಟೂ ಬೆನ್ನಿಗೆ ಕ್ಷೇಮ

ಬೆನ್ನುನೋವೆಂದು ಹೇಳಿಕೊಂಡವರಿಗೆ ‘ಹಲಗೆಯ ಮೇಲೆ ಮಲಗಿ’ ಎಂಬ ಉಪದೇಶವು ತಪ್ಪದೆ ದೊರೆಯುತ್ತದೆ. ಹಿರಿಯರ ಬಾಯಿಂದ ಬಂದು ಬಹುಕಾಲ ವೈದ್ಯರ ಬಾಯಲ್ಲಿಯೂ ಉಳಿದಿದ್ದ ಈ ಮಾತನ್ನು ಸ್ಪೇನಿನ ಸಂಶೋಧಕರು ಒರೆಗೆ ಹಚ್ಚಿ ನೋಡಿದರು. ದೀರ್ಘಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 313 ಮಂದಿ ವಯಸ್ಕರಲ್ಲಿ ಕೆಲವರಿಗೆ ಗಟ್ಟಿಯಾದ, ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಗಳನ್ನು ಕೊಟ್ಟು, 90 ದಿನಗಳ ಅನಂತರ ವಿಚಾರಿಸಿದಾಗ, ಮಲಗಿರುವಾಗಿನ ನೋವು, ಏಳುವಾಗಿನ ನೋವು, ದೈನಂದಿನ ಚಟುವಟಿಕೆಗಳ ತೊಂದರೆ ಇವು ಮಧ್ಯಮ ಹಾಸಿಗೆಯವರಲ್ಲಿಯೇ ಹೆಚ್ಚು ತಗ್ಗಿದ್ದುದು ಕಂಡುಬಂದಿತು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನವು ಪರೀಕ್ಷಿಸಿದ್ದು ಗಟ್ಟಿತನವನ್ನೇ ಹೊರತು ಲ್ಯಾಟೆಕ್ಸನ್ನಲ್ಲವೆಂಬುದನ್ನು ಮರೆಯಬಾರದು. ಲ್ಯಾಟೆಕ್ಸು ಬೆನ್ನುನೋವಿನ ಔಷಧವೆಂದು ಇದರಿಂದ ಸಿದ್ಧವಾಗುವುದಿಲ್ಲ. ‘ಆರ್ಥೋಪೆಡಿಕ್’ ಎಂಬ ಮುದ್ರೆಯನ್ನು ಕಂಡು ವೈದ್ಯರ ಶಿಫಾರಸೆಂದು ತಿಳಿಯುವುದೂ ಅಷ್ಟೇ ಅನುಚಿತ.

ಕಾರಣವನ್ನು ವಿಚಾರಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮಗ್ಗುಲಾಗಿ ಮಲಗಿದವರ ದೇಹದಲ್ಲಿ ಹೆಗಲೂ ನಿತಂಬವೂ ಹೊರಚಾಚಿದ ಭಾಗಗಳು. ಅವು ಸ್ವಲ್ಪ ಒಳಗಿಳಿದರೆ ಮಾತ್ರ ಬೆನ್ನೆಲುಬು ನೇರವಾಗಿ ನಿಲ್ಲುವುದು, ನಡುವಿನ ತಗ್ಗಿಗೆ ಆಧಾರವೂ ದೊರೆಯುವುದು. ಹಾಸಿಗೆಯು ಮಣಿಯದಿದ್ದರೆ ಭಾರವೆಲ್ಲ ಆ ಎರಡೇ ಸ್ಥಾನಗಳ ಮೇಲೆ ಬಿದ್ದು ತೋಳು ಜೋಮುಹಿಡಿಯುವುದುಂಟು. ಬೋರಲು ಮಲಗುವವರಿಗಾದರೋ ಮೆತ್ತನೆಯ ಹಾಸಿಗೆಯಲ್ಲಿ ನಡುಭಾಗವು ಕುಸಿದು ಸೊಂಟ ಬಾಗುವುದರಿಂದ ಗಟ್ಟಿಯಾದುದೇ ಮೇಲು. ಅಂಗಾತ ಮಲಗುವವರ ಅವಶ್ಯಕತೆ ಇವೆರಡರ ನಡುವಿನದು. ಇದರೊಡನೆ ದೇಹದ ತೂಕವೂ ಸೇರುತ್ತದೆ: 50 ಕಿಲೋ ತೂಗುವವರಿಗೆ ಹಲಗೆಯಂತೆ ತೋರಿದ ಹಾಸಿಗೆಯೇ 95 ಕಿಲೋ ತೂಗುವವರಿಗೆ ಮೃದುವೆನಿಸಬಹುದು. ಆದಕಾರಣ ಗೆಳೆಯನಿಗೆ ಒಗ್ಗಿದ ಹಾಸಿಗೆ ತಮಗೂ ಒಗ್ಗುವುದೆಂದು ನಂಬುವುದು ಪರರ ಕನ್ನಡಕವನ್ನು ಎರವಲು ಪಡೆದು ಧರಿಸಿದಂತೆ.

ತಪ್ಪು ಕಲ್ಪನೆ 4: ಟಲಾಲೆ ವಿಧಾನದ್ದು ಉತ್ತಮ, ಡನ್‌ಲಪ್ ವಿಧಾನದ್ದು ಅಧಮ

ಮೇಲೆ ವಿವರಿಸಿದ, ಕಡೆದು ಹೊಯ್ದು ಬೇಯಿಸುವ ಕ್ರಮವು 1929ರಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿಯಲ್ಲಿ ರೂಪುಗೊಂಡಿತು. ಅನಂತರ ಬಂದ ಟಲಾಲೆ ವಿಧಾನದಲ್ಲಿ ಅಚ್ಚನ್ನು ಪೂರ್ತಿ ತುಂಬದೆ, ಗಾಳಿಯನ್ನು ಹೀರಿ ನೊರೆಯನ್ನು ಹಿಗ್ಗಿಸಿ, ಶೈತ್ಯದಿಂದ ಹೆಪ್ಪುಗಟ್ಟಿಸಿ, ಇಂಗಾಲದ ಡೈಆಕ್ಸೈಡನ್ನು ಹಾಯಿಸಿ, ಬಳಿಕ ಬೇಯಿಸುತ್ತಾರೆ. ಹೀಗೆ ಮಾಡಿದ ಸ್ಪಂಜಿನ ಕಣಗಳು ಮೇಲಿನಿಂದ ಕೆಳಗಿನವರೆಗೆ ಸಮಾನವಾಗಿದ್ದು ಮೆತ್ತನೆಯ ಪುಟಿತವನ್ನು ಕೊಡುತ್ತವೆ; ಡನ್‌ಲಪ್‌ನಲ್ಲಿ ದ್ರವವು ಗಟ್ಟಿಯಾಗುವ ಮೊದಲು ಸ್ವಲ್ಪ ಕೆಳಗಿಳಿಯುವುದರಿಂದ ತಳಭಾಗವು ಹೆಚ್ಚು ಸಾಂದ್ರವಾಗಿ ಗಟ್ಟಿಯಾಗಿರುತ್ತದೆ. ಇದು ಗುಣಭೇದವೇ ಹೊರತು ಮೇಲುಕೀಳಿನ ಭೇದವಲ್ಲ; ಆಧಾರಕ್ಕೆ ಒಂದನ್ನೂ ಮೇಲ್ಪದರಕ್ಕೆ ಮತ್ತೊಂದನ್ನೂ ಬಳಸುವುದೂ ಉಂಟು. ಎರಡರಲ್ಲಿಯೂ ಕಾಣುವ ಸಾಲುರಂಧ್ರಗಳು ಗಾಳಿಗೆಂದೇ ಮಾಡಿದವೆಂದು ಜನರು ಭಾವಿಸುತ್ತಾರೆ; ವಾಸ್ತವವಾಗಿ ಅವು ಬೇಯಿಸುವಾಗ ಶಾಖವು ಒಳಭಾಗಕ್ಕೆ ಸಮವಾಗಿ ತಲುಪಲೆಂದು ಅಚ್ಚಿನಲ್ಲಿಟ್ಟ ಲೋಹದ ಕಡ್ಡಿಗಳ ಗುರುತುಗಳು. ಗಾಳಿಯಾಡುವುದಕ್ಕೆ ಅವು ನೆರವಾಗುವುದು ನಿಜವಾದರೂ, ಬೇಸಿಗೆಯ ಸೆಕೆಯನ್ನು ಹಾಸಿಗೆಯೇ ಹೋಗಲಾಡಿಸುವುದೆಂಬ ನಿರೀಕ್ಷೆ ಅತಿಯಾದುದು.

ತಪ್ಪು ಕಲ್ಪನೆ 5: ದಪ್ಪ ಹೆಚ್ಚಿದರೆ ಸುಖ ಹೆಚ್ಚು, ಕೊಂಡ ಮೇಲೆ ಬದಲಾವಣೆ ಅಸಾಧ್ಯ

ದೇಹಕ್ಕೆ ಆಧಾರವನ್ನು ಕೊಡುವುದು ದಪ್ಪವಲ್ಲ, ಪದರಗಳ ಕ್ರಮ. ಗಟ್ಟಿಯಾದ 4 ಅಂಗುಲದ ತಳದ ಮೇಲೆ ಮೃದುವಾದ 2 ಅಂಗುಲವನ್ನಿಟ್ಟ 6 ಅಂಗುಲದ ಹಾಸಿಗೆಯು, ಉದ್ದಕ್ಕೂ ಮೃದುವಾಗಿರುವ 8 ಅಂಗುಲದ ಹಾಸಿಗೆಗಿಂತ ಬಹುಮಂದಿಗೆ ಹಿತವಾಗಿರುವುದು. ಒಂದೇ ಅಚ್ಚಿನ ಅಖಂಡ ಹಾಸಿಗೆಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲವೆಂಬುದು ನಿಜ; ಆದರೆ ಜಿಪ್ಪಿನ ಗವುಸಿನೊಳಗೆ ಅಂಟಿಸದೆ ಒಂದರ ಮೇಲೊಂದಿಟ್ಟ ಪದರಗಳ ಹಾಸಿಗೆಯಲ್ಲಿ ಆ ಅವಕಾಶವು ಯಥೇಷ್ಟವಾಗಿದೆ. 3 ಅಂಗುಲದ ಮೂರು ಪದರಗಳು—ಗಟ್ಟಿ, ಮಧ್ಯಮ, ಮೃದು—ಕೈಯಲ್ಲಿದ್ದರೆ, ಹೆಗಲು ನೋಯುವವರು ಮೃದುವಾದುದನ್ನು ಮೇಲಕ್ಕೆ ತರಬಹುದು. ಸೊಂಟ ಕುಸಿಯುತ್ತಿದೆಯೆಂದು ತೋರಿದವರು ಮಧ್ಯಮವನ್ನು ಮೇಲಕ್ಕೂ ಮೃದುವನ್ನು ನಡುವಿಗೂ ಬದಲಿಸಬಹುದು. ಮೇಲ್ಪದರವು ಹಲವು ವರ್ಷಗಳ ಬಳಕೆಯಿಂದ ಸೊರಗಿದರೆ ಅದೊಂದನ್ನೇ ಹೊಸದಾಗಿ ತರಿಸಿದರೆ ಸಾಕು.

ದಂಪತಿಗಳ ವಿಷಯದಲ್ಲಿ ಇದರ ಪ್ರಯೋಜನವು ವಿಶೇಷವಾದುದು. ತೂಕದಲ್ಲಿಯೂ ಮಲಗುವ ಭಂಗಿಯಲ್ಲಿಯೂ ಭಿನ್ನರಾದ ಇಬ್ಬರ ಪೈಕಿ ಒಬ್ಬರು ಸಹಿಸಿಕೊಂಡು ಹೋಗುವುದೇ ಸಂಸಾರಧರ್ಮವೆಂದು ಭಾವಿಸಬೇಕಾಗಿಲ್ಲ. ಪದರಗಳನ್ನು ಉದ್ದಕ್ಕೆ ಎರಡು ಹೋಳಾಗಿ ಮಾಡಿಸಿ, ಎಡಭಾಗಕ್ಕೊಂದು ಕ್ರಮವನ್ನೂ ಬಲಭಾಗಕ್ಕೊಂದು ಕ್ರಮವನ್ನೂ ಇಟ್ಟು, ಮೇಲೆ ಒಂದೇ ಗವುಸನ್ನು ತೊಡಿಸಿದರೆ ಇಬ್ಬರಿಗೂ ತಮ್ಮ ತಮ್ಮ ಹಿತವು ಲಭಿಸುವುದು. ಯಾವ ಬದಲಾವಣೆಯನ್ನು ಮಾಡಿದರೂ ಮರುದಿನವೇ ತೀರ್ಪು ಕೊಡದೆ, ದೇಹವು ಹೊಸದಕ್ಕೆ ಒಗ್ಗಲು ಎರಡು ಮೂರು ವಾರಗಳಾದರೂ ಸಮಯ ಕೊಡುವುದು ಲೇಸು.

ತಪ್ಪು ಕಲ್ಪನೆ 6: ಆಗಾಗ ಬಿಸಿಲಿಗೆ ಹಾಕಿದರೆ ಹಾಸಿಗೆ ಬಾಳುತ್ತದೆ

ಹತ್ತಿಯ ಹಾಸಿಗೆಗೆ ಬಿಸಿಲು ಸಂಜೀವನಿಯಾದರೆ ಲ್ಯಾಟೆಕ್ಸಿಗೆ ಅದು ಶತ್ರು. ಸೂರ್ಯನ ಅತಿನೇರಳೆ ಕಿರಣಗಳೂ ಗಾಳಿಯ ಆಮ್ಲಜನಕ ಮತ್ತು ಓಝೋನ್‌ಗಳೂ ರಬ್ಬರಿನ ಅಣುಸರಪಳಿಗಳನ್ನು ಕಡಿದು, ಮೇಲ್ಮೈಯನ್ನು ಒರಟಾಗಿಸಿ, ಬಿರುಕುಬಿಡಿಸಿ, ಕಡೆಗೆ ಪುಡಿಯಾಗಿಸುತ್ತವೆ. ಆದುದರಿಂದ ಮಹಡಿಯ ಬಿಸಿಲಿಗೆ ಹಾಕತಕ್ಕದ್ದು ಬಿಚ್ಚಿದ ಗವುಸನ್ನು ಮಾತ್ರ. ಸ್ಪಂಜಿಗೆ ನೆರಳಿನಲ್ಲಿ ಆಡುವ ಗಾಳಿಯೇ ಸಾಕು. ನೀರಿನಲ್ಲಿ ತೊಳೆಯುವುದೂ ಕೂಡದು. ಹಾಸಿಗೆಯ ಕೆಳಗಿನ ವ್ಯವಸ್ಥೆಯೂ ಇಷ್ಟೇ ಮುಖ್ಯ: ಲ್ಯಾಟೆಕ್ಸು ಬಾಗುವ ಸ್ವಭಾವದ್ದಾದುದರಿಂದ ಮಂಚದ ರೀಪುಗಳ ನಡುವಿನ ಅಂತರವು 3 ಅಂಗುಲವನ್ನು ಮೀರಬಾರದು; ರೀಪುಗಳಿಲ್ಲದ ಅಖಂಡ ಪ್ಲೈವುಡ್ಡಿನ ಮಂಚವಾದರೆ, ಮುಖ್ಯವಾಗಿ ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ತಳದಲ್ಲಿ ತೇವ ನಿಂತು ಬೂಷ್ಟು ಹಿಡಿಯದಂತೆ ನಡುವೆ ನಾರಿನ ಚಾಪೆಯನ್ನು ಹಾಸಿ, ಆಗಾಗ ಹಾಸಿಗೆಯನ್ನು ಎತ್ತಿ ಗಾಳಿಯಾಡಿಸಬೇಕು.

ಉಳಿದ ಕೆಲವು ಮಾತುಗಳು

ಹೊಸ ಹಾಸಿಗೆಯ ರಬ್ಬರ್ ವಾಸನೆಯು ವಿಷದ ಲಕ್ಷಣವಲ್ಲ. ಗಾಳಿಯಾಡುವ ಕೋಣೆಯಲ್ಲಿ ಅದು ದಿನಗಳಲ್ಲಿಯೋ ವಾರಗಳಲ್ಲಿಯೋ ಕಡಿಮೆಯಾಗುವುದು. ಧೂಳಿನ ನುಸಿಗಳು ಲ್ಯಾಟೆಕ್ಸ್ ಹಾಸಿಗೆಯ ಹತ್ತಿರ ಸುಳಿಯುವುದೇ ಇಲ್ಲವೆಂಬುದು ಅತ್ಯುಕ್ತಿ; ನಮ್ಮ ಚರ್ಮದ ಹೊಟ್ಟನ್ನು ತಿಂದು ಬದುಕುವ ಅವು ಗವುಸಿನಲ್ಲಿಯೂ ಹೊದಿಕೆಯಲ್ಲಿಯೂ ನೆಲಸಬಲ್ಲವಾದುದರಿಂದ ಗವುಸು ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವ ಕೆಲಸ ತಪ್ಪದು. ರಬ್ಬರ್ ಹಾಲಿನ ಪ್ರೋಟೀನುಗಳಿಂದ ಕೆಲವರಿಗೆ ಉಂಟಾಗುವ ಅಲರ್ಜಿಯು ಹೆಚ್ಚಾಗಿ ರಬ್ಬರ್ ಕೈಗವಸುಗಳ ಬಳಕೆಯಿಂದ ಬೆಳಕಿಗೆ ಬಂದದ್ದು. ಚೆನ್ನಾಗಿ ತೊಳೆದು ಗವುಸು ಹೊದಿಸಿದ ಹಾಸಿಗೆಯಿಂದ ಅಪಾಯವು ಕಡಿಮೆಯಾದರೂ, ಆ ಅಲರ್ಜಿಯುಳ್ಳವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ವರ್ಷ ತುಂಬದ ಶಿಶುವನ್ನು ಯಾವ ಮೆತ್ತನೆಯ ಹಾಸಿಗೆಯ ಮೇಲೂ ಮಲಗಿಸಬಾರದು; ಅದಕ್ಕೆ ಸಮತಟ್ಟಾದ, ಗಟ್ಟಿಯಾದ ಹಾಸೇ ಸುರಕ್ಷಿತ.

ಇನ್ನು ಅಂಗಡಿಗೆ ಹೋದಾಗ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ ತಲೆದೂಗುವ ಪದ್ಧತಿಯನ್ನು ಓದುಗರು ಕೈಬಿಡುವುದು ಒಳ್ಳೆಯದು; ರಾತ್ರಿ ಮಲಗುವುದು ಅಂಗೈಯಲ್ಲವಷ್ಟೆ. ಸಂಕೋಚವನ್ನು ಬದಿಗಿಟ್ಟು, ನಿತ್ಯ ಮಲಗುವ ಭಂಗಿಯಲ್ಲಿಯೇ ಕಾಲು ಗಂಟೆ ಮಲಗಿ, ಹೆಗಲು ಒತ್ತುತ್ತಿದೆಯೆ, ನಡು ಕುಸಿಯುತ್ತಿದೆಯೆ ಎಂಬುದನ್ನು ಗಮನಿಸಿರಿ. ಬೆನ್ನೆಲುಬು ನೇರವಾಗಿದೆಯೆ ಎಂದು ಜೊತೆಯಲ್ಲಿ ಬಂದವರಿಂದ ನೋಡಿಸಿರಿ. ಗವುಸಿನ ಜಿಪ್ಪನ್ನು ಬಿಚ್ಚಿಸಿ ಪದರಗಳನ್ನು ಕಣ್ಣಾರೆ ಕಾಣಿರಿ. ದ್ರವ್ಯದ ಪ್ರಮಾಣ, ಪದರಗಳ ದಪ್ಪ, ಸಾಂದ್ರತೆ, ಗಟ್ಟಿತನ, ಪದರ ಬದಲಿಸಿಕೊಡುವ ಕರಾರು—ಈ ಐದನ್ನೂ ಬರವಣಿಗೆಯಲ್ಲಿ ಪಡೆಯಿರಿ. ಇವುಗಳನ್ನು ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಹಾಸಿಗೆಯನ್ನು ಕೊಳ್ಳಬೇಡಿರಿ.