ಧೂಳು, ಬೆಲ್ಲ ಮತ್ತು ಊರ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ - ಕಲಬುರಗಿ ಜಿಲ್ಲೆಯ ಈ ಸೀಮೆಯ ಒಡಲಲ್ಲಿರುವುದು ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅದಕ್ಕಾಗಿ. ಎಷ್ಟೋ ಮನೆಗಳ ನೆಲಕ್ಕೆ 'ಶಹಾಬಾದ್ ಕಲ್ಲು' ಹೋದದ್ದೂ ಇಲ್ಲಿಂದಲೇ. ಕಲ್ಲು ಒಡೆಯುವಲ್ಲಿ, ಕೊಯ್ಯುವಲ್ಲಿ ಧೂಳು ತಪ್ಪಿದ್ದಲ್ಲ. ಅದರಿಂದ ತನಗೆಷ್ಟು ಅಪಾಯ ಎಂಬುದನ್ನು ಕೆಲಸಗಾರ ಅಳೆಯುವುದು ವೈದ್ಯಗ್ರಂಥದಿಂದಲ್ಲ, ಚಹಾದಂಗಡಿಯ ಮಾತಿನಿಂದ.

'ನಮ್ಮ ಕಾಕಾ ಮೂವತ್ತು ವರ್ಷ ಖಣಿಯಾಗ ದುಡದಾನ, ಅವನಿಗೇನಾಗ್ಯಾದ?' ಎಂಬಂಥ ಮಾತಿಗೆ ಎದುರಾಡುವುದು ಕಷ್ಟ. ಇಂಥ ಕಾಕಾ ಎಲ್ಲ ದೇಶಗಳಲ್ಲೂ ಇದ್ದಾನೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಹೃದಯಾಘಾತದ ಬಗ್ಗೆ ಜನರಾಡುವ ಮಾತಿಗೆ ಕಿವಿಗೊಟ್ಟ ಚಾರ್ಲಿ ಡೇವಿಸನ್ ಮತ್ತು ಸಂಗಡಿಗರು 1991ರಲ್ಲಿ ಅವನನ್ನು 'ನಾರ್ಮನ್ ಮಾಮ' ಎಂದು ಗುರುತಿಸಿದರು: ಜೀವಮಾನವಿಡೀ ಸಿಗರೇಟು ಸೇದಿಯೂ ಮುಪ್ಪಿನವರೆಗೆ ಬಾಳಿದವನು. ಅವರು ಇದನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಜನ ಕಣ್ಣಾರೆ ಕಂಡದ್ದನ್ನೇ ಲೆಕ್ಕವಿಡುತ್ತಾರೆ.

ಲೆಕ್ಕ ತಪ್ಪುವುದು ಕಾಣದವರ ವಿಷಯದಲ್ಲಿ. ಖಣಿಯಲ್ಲಿ ಉಳಿದಿರುವವರು ಉಸಿರು ಗಟ್ಟಿಯಿದ್ದವರು. ದಮ್ಮು ಹಿಡಿದವನು ಕೆಲಸ ಬಿಟ್ಟು ಮನೆ ಸೇರಿರುತ್ತಾನೆ, ಹರಟೆಕಟ್ಟೆಗೂ ಬರುವುದಿಲ್ಲ. ಶುದ್ಧ ಸುಣ್ಣಕಲ್ಲಿನ ಧೂಳು ಅಷ್ಟೇನೂ ಕ್ರೂರವಲ್ಲ, ನಿಜ. ಆದರೆ ಇಲ್ಲಿಯ ಪದರಗಳಲ್ಲಿ ಸಿಲಿಕಾ ಬೆರೆತಿರುವುದುಂಟು. ಶ್ವಾಸಕೋಶದ ಆಳಕ್ಕಿಳಿಯುವ ಅದರ ಕಣ ಕಣ್ಣಿಗೆ ಬೀಳದು. ಸಿಲಿಕೋಸಿಸ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ಆಗಲೂ ಅದನ್ನು ಕ್ಷಯವೆಂದು ತಿಳಿಯುವುದೇ ಹೆಚ್ಚು. (ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚೆಂಬುದು ಬೇರೆ ತೊಡಕು.) ಕ್ಷಯವಾದರೋ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ರೋಗವಲ್ಲ. ಹೀಗೆ ಧೂಳಿನ ಹೆಸರು ಊರ ಮಾತಿನಿಂದಲೇ ಬಿಟ್ಟುಹೋಗುತ್ತದೆ.

ಧೂಳಿನ ಕೆಲಸದ ನಂತರ ಒಂದು ಚೂರು ಬೆಲ್ಲ ತಿಂದರೆ ಎದೆ ಸ್ವಚ್ಛ ಎಂಬ ನಂಬಿಕೆ ದೇಶದ ಅನೇಕ ಕಡೆ ಇದೆ. ಬೆಲ್ಲ ಕೊಟ್ಟ ಇಲಿಗಳ ಶ್ವಾಸಕೋಶದಿಂದ ಕಣಗಳು ಬೇಗ ಸಾಗಿದ್ದನ್ನು ಲಖನೌದ ಸಂಶೋಧಕರು 1994ರಲ್ಲಿ ಪ್ರಕಟಿಸಿದ್ದೂ ಉಂಟು. ಇಲಿಯ ಮಾತು ಇಲಿಗೆ. ಸಿಲಿಕೋಸಿಸ್‌ನಿಂದ ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇಂದಿಗೂ ಇಲ್ಲ. ಆದರೂ ಬೆಲ್ಲ ಗೆಲ್ಲುತ್ತದೆ, ಮುಖವಸ್ತ್ರ ಸೋಲುತ್ತದೆ. ಬೆಲ್ಲವನ್ನು ಹಂಚಿ ತಿನ್ನಬಹುದು. ಮುಖವಸ್ತ್ರ ಕಟ್ಟಿದವನು ಗುಂಪಿನಲ್ಲಿ ಒಬ್ಬನೇ ಅಂಜುಬುರುಕನಾಗಿ ಕಾಣುತ್ತಾನೆ.

ನೀರು ಹನಿಸುತ್ತ ಕಲ್ಲು ಕೊಯ್ದರೆ ಬಹುಪಾಲು ಧೂಳು ಏಳುವುದೇ ಇಲ್ಲ. ಅದಕ್ಕೆ ಯಾರ ನಂಬಿಕೆಯೂ ಬೇಕಿಲ್ಲ. ಇನ್ನು, ವೈದ್ಯರು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ 1948ರ ಕಾರ್ಖಾನೆಗಳ ಕಾಯ್ದೆ ಸಿಲಿಕೋಸಿಸನ್ನು ಸೇರಿಸಿತ್ತು. ವರದಿಯಾಗಬೇಕಾದರೆ ಕೆಮ್ಮುತ್ತ ಬಂದವನನ್ನು ಏನು ಕೆಲಸ, ಎಷ್ಟು ವರ್ಷ ಎಂದು ಕೇಳಿ ಬರೆದುಕೊಳ್ಳಬೇಕು. ಕೇಳದಿದ್ದರೆ ಎಕ್ಸ್‌ರೇಯ ಚುಕ್ಕೆಗಳು ಕ್ಷಯದ ಖಾತೆಗೇ ಜಮೆ.